ಕಡಲಾಮೆಯ ‘ಫ್ಲಿಪ್ಪರ್’ಗೆ ಕನ್ನಡದಲ್ಲಿ ಏನೆನ್ನುವುದು?

ಎಲ್ಲರಿಗೂ ನಮಸ್ಕಾರ.

ಗಂಗಾವತಿಯ ಶಾಲೆಯೊಂದರಲ್ಲಿ ಕಡಲಾಮೆಗಳ ಚಿತ್ರಪ್ರದರ್ಶನ ಇಡುವುದಿದೆ. ಚಿತ್ರಗಳು ನನ್ನ ಅಣ್ಣನ ಮಗನವು. ಲಕ್ಷದ್ವೀಪದ ಅಗತ್ತಿಯಲ್ಲಿ, ದಡದಿಂದ ಈಜಿಕೊಂಡೇ ಹೋಗಬಹುದಾದಷ್ಟು ಹತ್ತಿರದಲ್ಲಿ ತೆಗೆದವು. ಅಡಿಬರಹ ಬರೆಯುವ ಹೊಣೆ ನನ್ನ ಹೆಗಲಿಗೆ ಬಿದ್ದಿದೆ.

ಮುಖ್ಯ ತೊಡಕು ‘ಫ್ಲಿಪ್ಪರ್’. ಕಡಲಾಮೆಗೆ ತಲೆಯನ್ನಾಗಲಿ ಕಾಲುಗಳನ್ನಾಗಲಿ ಚಿಪ್ಪಿನೊಳಗೆ ಎಳೆದುಕೊಳ್ಳಲು ಬರುವುದಿಲ್ಲ. ಹೀಗಾಗಿ ಯಾವ ಚಿತ್ರ ನೋಡಿದರೂ ಆ ನೀಳವಾದ ಮುಂಗಾಲುಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಅವಕ್ಕೊಂದು ಹೆಸರಿಲ್ಲದೆ ಅಡಿಬರಹ ಮುಂದೆ ಸಾಗುವುದಿಲ್ಲ. ಗೆಳೆಯರೊಬ್ಬರು ‘ಈಜುಗಾಲು’ ಎಂದರು. ಅರ್ಥವೇನೋ ಆಗುತ್ತದೆ, ಆದರೆ ಬಾತುಕೋಳಿಯ ಪಾದಕ್ಕೂ ಅದೇ ಪದ ಸಲ್ಲುತ್ತದೆ. ನಾನು ಮೊದಲು ‘ಹುಟ್ಟುಗಾಲು’ ಎಂದು ಕಟ್ಟಿಕೊಂಡಿದ್ದೆ. ಆನೆಗೊಂದಿಯ ಹೊಳೆಯಲ್ಲಿ ಹರಿಗೋಲಿಗೆ ಹುಟ್ಟು ಹಾಕುವುದನ್ನು ಈ ಭಾಗದ ಮಕ್ಕಳು ಕಂಡಿದ್ದಾರೆ, ಬಿಡಿಸಿ ಹೇಳಬೇಕಾಗಿಲ್ಲ. ಪದ ಇಂಪಾಗಿದೆ, ಕೆಲಸ ಮಾತ್ರ ಬೇರೆ. ಕಾಲುಗಳನ್ನು ಒಂದಾದ ಮೇಲೊಂದು ಆಡಿಸುತ್ತಾ, ಹುಟ್ಟು ಹಾಕಿದ ಹಾಗೆ ನೀರನ್ನು ಹಿಂದಕ್ಕೆ ತಳ್ಳುವುದು ನಮ್ಮ ತುಂಗಭದ್ರೆಯ ಆಮೆ. ಅದರ ಬೆರಳುಗಳ ನಡುವೆ ತೊಗಲಿರುತ್ತದೆ. ಕಡಲಾಮೆಯಾದರೋ ಎರಡೂ ಮುಂಗಾಲುಗಳನ್ನು ಒಟ್ಟಿಗೆ ಎತ್ತಿ ಒಟ್ಟಿಗೆ ಇಳಿಸುತ್ತದೆ. ಹಿಂಗಾಲುಗಳದು ಹೆಚ್ಚಾಗಿ ದಿಕ್ಕು ತಿರುಗಿಸುವ ಕೆಲಸ. ವಿಡಿಯೊವನ್ನು ನಿಧಾನಗೊಳಿಸಿ ನೋಡಿದಾಗ ನನಗೆ ಹದ್ದು ಹಾರುವುದೇ ಕಣ್ಮುಂದೆ ಬಂತು.

ಹಾಗಾದರೆ ‘ರೆಕ್ಕೆ’ ಎನ್ನೋಣವೇ? ನನ್ನ ಒಲವು ಅತ್ತಲೇ ಇದೆ. ಒಳಗಿನ ಮೂಳೆಗಳೂ ಈ ಮಾತಿಗೆ ಒತ್ತಾಸೆಯಾಗಿವೆ: ತೋಳಿನ ಮೂಳೆ ಗಿಡ್ಡ, ಬೆರಳಿನ ಮೂಳೆಗಳು ಉದ್ದ, ಎಲ್ಲವೂ ಒಂದೇ ತೊಗಲಿನೊಳಗೆ ಸೇರಿಹೋಗಿವೆ. ಮೀನಿನ ಈಜುರೆಕ್ಕೆಗೆ ಇಂಥ ತೋಳುಮೂಳೆ ಎಲ್ಲಿಯದು! ಆದರೆ ಒಂದು ಚಿತ್ರ ನನ್ನನ್ನು ಕಾಡುತ್ತಿದೆ. ಆಮೆ ಕಡಲಹುಲ್ಲು ಮೇಯುತ್ತಿದೆ, ಬಾಯಿಯ ಸುತ್ತ ಮರಳು ಕದಡಿ ಎದ್ದಿದೆ, ಮುಂಗಾಲಿನ ಅಂಚಿನಲ್ಲಿ ಒಂದೇ ಒಂದು ಉಗುರು ಎದ್ದು ಕಾಣುತ್ತಿದೆ. “ರೆಕ್ಕೆಗೆ ಉಗುರೇ?” ಎಂದು ಹುಡುಗರು ಕೇಳದೆ ಬಿಡುವುದಿಲ್ಲ. ಮೊಟ್ಟೆಯಿಡಲು ಮರಳಿಗೆ ಹತ್ತಿದ ಹೆಣ್ಣು ಅದೇ ಅಂಗವನ್ನು ಊರಿ ತೆವಳುತ್ತದೆ, ಹಿಂಗಾಲುಗಳಿಂದ ಗುಳಿ ತೋಡುತ್ತದೆ. ಅಲ್ಲಿ ರೆಕ್ಕೆ ಎಂದರೆ ನಗೆಪಾಟಲು. ಸದ್ಯಕ್ಕೆ ‘ರೆಕ್ಕೆಗಾಲು’ ಎಂದು ಬರೆದಿಟ್ಟಿದ್ದೇನೆ. ಕಿವಿಗೆ ಒಗ್ಗುತ್ತದೆಯೇ, ಹೇಳಿ.

ಕ್ರಿಯಾಪದಗಳ ಪಾಡು ಇನ್ನೊಂದು. ‘ಆಮೆಯನ್ನು ಕ್ಯಾಮೆರಾದಲ್ಲಿ ಸೆರೆಹಿಡಿದ’ ಎನ್ನುವುದು ಪತ್ರಿಕೆಗಳ ಮಾಮೂಲು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು. ಅದನ್ನು ಸೆರೆಹಿಡಿದರೆ ನಮ್ಮ ಹುಡುಗನೇ ಸೆರೆಮನೆ ಸೇರಬೇಕಾದೀತು. ‘ಫೋಟೊ ಹೊಡೆದ’ ಅದಕ್ಕಿಂತ ಕಡೆ. ‘ತೆಗೆದ’ ಸಾಕು. ‘ಆಮೆಯ ಜೊತೆ ಈಜಿದ’ ಎಂಬುದೂ ನನಗೆ ಒಪ್ಪಿತವಲ್ಲ. ಆಮೆ ತನ್ನ ಪಾಡಿಗೆ ಮೇಯುತ್ತಿರುತ್ತದೆ, ಆಗಾಗ ಉಸಿರಿಗಾಗಿ ಮೇಲೆ ಬರುತ್ತದೆ. ಇವನು ಅದರ ದಾರಿಗೆ ಅಡ್ಡ ಬರದೆ, ಫ್ಲ್ಯಾಶ್ ಹಾಕದೆ, ಮುಟ್ಟಲು ಹೋಗದೆ ಒಂದು ಬದಿಗೆ ತೇಲಿಕೊಂಡಿದ್ದ. ಜೊತೆ ಎನ್ನಬೇಕಾದರೆ ಎರಡೂ ಕಡೆಯ ಒಪ್ಪಿಗೆ ಬೇಡವೇ? ‘ಆಮೆಯ ಆಸುಪಾಸಿನಲ್ಲಿ ಈಜುತ್ತಾ’ ಎಂದು ತಿದ್ದಿದ್ದೇನೆ.

‘ಲಗೂನ್’ಗೆ ‘ಹಿನ್ನೀರು’ ಎಂದು ಬರೆಯುವವರಿದ್ದಾರೆ. ಕೊಪ್ಪಳ ಜಿಲ್ಲೆಯಲ್ಲಿ ಹಿನ್ನೀರೆಂದರೆ ಮುನಿರಾಬಾದಿನ ಅಣೆಕಟ್ಟೆಯ ಹಿಂದೆ ನಿಂತ ನೀರು, ಬೇರೇನೂ ಅಲ್ಲ. ಹವಳದ ದಿಣ್ಣೆಯ ಒಳಗಿನ ಉಪ್ಪುನೀರಿಗೆ ಆ ಹೆಸರು ಕೊಟ್ಟರೆ ಮಕ್ಕಳು ದಾರಿ ತಪ್ಪುತ್ತಾರೆ; ಲಗೂನ್ ಎಂದೇ ಉಳಿಸಿದ್ದೇನೆ. ‘ಹಸಿರು ಕಡಲಾಮೆ’ ಎಂಬ ಹೆಸರಿಗೂ ಒಂದು ಸಾಲಿನ ವಿವರಣೆ ಬೇಕಾಯಿತು, ಏಕೆಂದರೆ ಆ ಹಸಿರು ಒಳಗಿನ ಕೊಬ್ಬಿನದು, ಚಿಪ್ಪಿನದಲ್ಲ.

ಹೊನ್ನಾವರ, ಕುಂದಾಪುರ, ಮಲ್ಪೆ ಕಡೆಯವರು ಯಾರಾದರೂ ತಿಳಿಸಬೇಕು: ಬಲೆಗೆ ಸಿಕ್ಕಿಕೊಂಡ ಕಡಲಾಮೆಯನ್ನು ಬಿಡಿಸುವಾಗ ಮೀನುಗಾರರು ಆ ಅಂಗವನ್ನು ಏನೆನ್ನುತ್ತಾರೆ? ಕಾಲೆಂದೋ, ಕೈಯೆಂದೋ, ರೆಕ್ಕೆಯೆಂದೋ? ತುಳು, ಕೊಂಕಣಿಯ ಪದವಾದರೂ ಸರಿಯೇ. ಅವರ ಬಾಯಲ್ಲಿ ಬಳಕೆಯ ಪದವೊಂದು ಇದ್ದರೆ ನನ್ನ ‘ರೆಕ್ಕೆಗಾಲ’ನ್ನು ಫಲಕದಿಂದ ಇಳಿಸಲು ನಾನು ಸಿದ್ಧ.