ಡೆಬಿಯನ್ ಬೂಟ್ ಆಗಲು ಎರಡು ನಿಮಿಷಕ್ಕೂ ಹೆಚ್ಚು, ಬ್ಲೇಮ್ ಪಟ್ಟಿಯಲ್ಲಿ ಮಾತ್ರ ಏನೂ ಕಾಣುತ್ತಿಲ್ಲ

ಹೊಂಗೆನೆರಳು:

ನಮಸ್ಕಾರ. ಲ್ಯಾಪ್‌ಟಾಪಿನಲ್ಲಿ ಡೆಬಿಯನ್ 12 ಲಿನಕ್ಸ್ ಇದೆ. ಸಾಟಾ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್. ಮೊದಲೆಲ್ಲ ಪವರ್ ಬಟನ್ ಒತ್ತಿದ ಅರ್ಧ ನಿಮಿಷದೊಳಗೆ ಲಾಗಿನ್ ಪರದೆ ಬರುತ್ತಿತ್ತು, ಈಗ ಎರಡು ನಿಮಿಷ ದಾಟುತ್ತಿದೆ. ಲಾಗಿನ್ ಆದಮೇಲೆ ಯಾವ ತೊಂದರೆಯೂ ಇಲ್ಲ, ಎಲ್ಲ ಚುರುಕಾಗಿಯೇ ಓಡುತ್ತದೆ. ಡಿಸ್ಕಿನಲ್ಲಿ ಜಾಗವೂ ಬೇಕಾದಷ್ಟಿದೆ.

ಬೂಟ್‌ನಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುವ ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್ ಕಮಾಂಡ್ ಓಡಿಸಿದರೆ ಮೇಲಿನ ಸಾಲುಗಳು ಹೀಗೆ ಬರುತ್ತಿವೆ:

5.9 ಸೆಕೆಂಡ್ – ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್
3.1 ಸೆಕೆಂಡ್ – ಪ್ಲಿಮತ್-ಕ್ವಿಟ್-ವೇಟ್
1.4 ಸೆಕೆಂಡ್ – ಎಸ್‌ಡಿಎ2 ಡಿವೈಸ್
0.8 ಸೆಕೆಂಡ್ – ಯುಡಿಸ್ಕ್ಸ್2

ಇಡೀ ಪಟ್ಟಿಯನ್ನು ಕೂಡಿಸಿದರೂ ಅರ್ಧ ನಿಮಿಷ ಆಗುವುದಿಲ್ಲ. ಉಳಿದ ಸಮಯ ಎಲ್ಲಿಗೆ ಹೋಗುತ್ತಿದೆ? ಬ್ಲೂಟೂತ್, ಪ್ರಿಂಟರ್ ಸರ್ವಿಸ್‌ಗಳನ್ನು ನಿಲ್ಲಿಸಿ ನೋಡಿದೆ, ಏನೂ ಬದಲಾಗಲಿಲ್ಲ. ಓಎಸ್ ಅಳಿಸಿ ಮತ್ತೆ ಹಾಕು ಅನ್ನುವವರಿದ್ದಾರೆ. ನನಗೆ ಕಾರಣ ತಿಳಿಯದೆ ಹಾಗೆ ಮಾಡಲು ಇಷ್ಟವಿಲ್ಲ.

ಟರ್ಮಿನಲ್‌ಗೆಳೆಯ:

ಅಳಿಸುವುದು ಬೇಡ. ಆ ಸರ್ವಿಸ್‌ಗಳನ್ನೂ ಮತ್ತೆ ಚಾಲೂ ಮಾಡಿಬಿಡಿ, ಅವುಗಳದ್ದೇನೂ ತಪ್ಪಿಲ್ಲ.

ಬ್ಲೇಮ್ ಪಟ್ಟಿಯನ್ನು ಎಲ್ಲರೂ ಮೊದಲು ನೋಡುತ್ತಾರೆ, ಆದರೆ ಅದು ಹೇಳದೆ ಬಿಡುವುದೂ ಬಹಳ ಇದೆ. ಯಶಸ್ವಿಯಾಗಿ ಶುರುವಾದ ಯೂನಿಟ್‌ಗಳು (ಸರ್ವಿಸ್, ಡಿವೈಸ್‌ನಂಥವು) ಎಷ್ಟು ಹೊತ್ತು ತೆಗೆದುಕೊಂಡವು ಎಂಬುದಷ್ಟೇ ಅದರಲ್ಲಿ ಬರುತ್ತದೆ. ಬೂಟ್ ಆಗುವಾಗ ಇವನ್ನೆಲ್ಲ ಶುರುಮಾಡುವ ಸಿಸ್ಟಮ್‌ಡಿ ಯಾವುದಕ್ಕೋ ಕಾದು ಕಾದು, ಅದು ಬರಲೇ ಇಲ್ಲ ಎಂದು ಕೈಬಿಟ್ಟಿದ್ದರೆ ಆ ಕಾಯುವಿಕೆ ಅಲ್ಲಿ ಕಾಣುವುದೇ ಇಲ್ಲ. ಇನ್ನೊಂದು ಕಡೆ, ಪ್ಲಿಮತ್-ಕ್ವಿಟ್-ವೇಟ್‌ನಂಥವು ಬೇರೆ ಕೆಲಸ ಮುಗಿಯಲಿ ಎಂದು ಸುಮ್ಮನೆ ಕೂತಿದ್ದರೂ ಪಟ್ಟಿಯ ಮೇಲ್ತುದಿಗೆ ಬಂದು ಕೂರುತ್ತವೆ. ಹಾಗಾಗಿ ಈ ಪಟ್ಟಿ ನೋಡಿ ಸರ್ವಿಸ್ ನಿಲ್ಲಿಸುತ್ತಾ ಹೋಗುವುದು ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ಈ ಮೂರನ್ನು ಓಡಿಸಿ, ಬಂದದ್ದನ್ನು ಇಲ್ಲಿ ಹಾಕಿ:

ಸಿಸ್ಟಮ್‌ಡಿ-ಅನಲೈಜ್ (ಮುಂದೆ ಏನೂ ಸೇರಿಸಬೇಡಿ)
ಸಿಸ್ಟಮ್‌ಡಿ-ಅನಲೈಜ್ ಕ್ರಿಟಿಕಲ್-ಚೈನ್ (ಯಾವುದು ಯಾವುದಕ್ಕೆ ಕಾಯಿತು ಎಂಬ ಸರಪಳಿ)
ಫ್ರೀ -ಎಚ್

ಮೂರನೆಯದು ಮೆಮೊರಿಯ ಲೆಕ್ಕ ಕೊಡುವುದು, ಅದು ಯಾಕೆ ಎಂದು ಕೇಳಬಹುದು. ಒಂದು ಅನುಮಾನ ಇದೆ, ಉತ್ತರ ಬಂದಮೇಲೆ ಹೇಳುತ್ತೇನೆ. ಹಾಗೆಯೇ, ತೊಂದರೆ ಶುರುವಾಗುವ ಮುಂಚೆ ಡಿಸ್ಕಿನಲ್ಲಿ ಏನಾದರೂ ಬದಲಾಯಿತೇ? ಪಾರ್ಟಿಷನ್ ಅಳಿಸುವುದು, ಬೇರೆ ಓಎಸ್ ಹಾಕುವುದು, ಅಂಥದ್ದು?

ಹೊಂಗೆನೆರಳು:

ಹೌದು, ಪಕ್ಕದ ಖಾಲಿ ಪಾರ್ಟಿಷನ್ನಿನಲ್ಲಿ ಇನ್ನೊಂದು ಲಿನಕ್ಸ್ ಹಾಕಿದ್ದೇನೆ. ಅದು ಬೇಗನೇ ಬೂಟ್ ಆಗುತ್ತದೆ, ಅದಕ್ಕೇ ಸಂಬಂಧ ಇರಲಿಕ್ಕಿಲ್ಲ ಅಂದುಕೊಂಡೆ.

ಮೊದಲನೆಯದರ ಉತ್ತರ: ಫರ್ಮ್‌ವೇರ್ 6.2 ಸೆಕೆಂಡ್, ಲೋಡರ್ 4.1 ಸೆಕೆಂಡ್, ಕರ್ನಲ್ (ಓಎಸ್‌ನ ತಿರುಳು) 35.7 ಸೆಕೆಂಡ್, ಯೂಸರ್‌ಸ್ಪೇಸ್ (ಅದರ ನಂತರ ಸರ್ವಿಸ್‌ಗಳು ಶುರುವಾಗುವ ಹಂತ) 1 ನಿಮಿಷ 37.4 ಸೆಕೆಂಡ್. ಒಟ್ಟು 2 ನಿಮಿಷ 23.4 ಸೆಕೆಂಡ್.

ಎರಡನೆಯದು ಉದ್ದ ಇದೆ. ಕೊನೆಯ ಸಾಲುಗಳಲ್ಲಿ ಟಾರ್ಗೆಟ್‌ಗಳು, ಅಂದರೆ ಬೂಟ್‌ನ ಹಂತಗಳು, ಇವೆ: ಬೇಸಿಕ್ ಟಾರ್ಗೆಟ್, ಅದರ ಕೆಳಗೆ ಸಿಸ್‌ಇನಿಟ್ ಟಾರ್ಗೆಟ್, ಅದರ ಕೆಳಗೆ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಟಾರ್ಗೆಟ್. ಮೂರರ ಮುಂದೆಯೂ 1 ನಿಮಿಷ 30 ಸೆಕೆಂಡ್ ಚಿಲ್ಲರೆ ಎಂದಿದೆ. ಸ್ವಾಪ್ ಟಾರ್ಗೆಟ್ ಕೆಳಗೆ ಏನೂ ಇಲ್ಲ.

ಫ್ರೀ -ಎಚ್‌ನಲ್ಲಿ ಸ್ವಾಪ್ ಸಾಲು ಪೂರ್ತಿ ಸೊನ್ನೆ. ನನ್ನ ಡಿಸ್ಕಿನಲ್ಲಿ 4 ಜಿಬಿ ಸ್ವಾಪ್ ಪಾರ್ಟಿಷನ್ ಇದೆಯಲ್ಲ?

ಬೆಟ್ಟದದಾರಿ:

ಸಿಸ್ಟಮ್‌ಡಿಯ ಸಿಸ್ಟಮ್.ಕಾನ್ಫ್ ಫೈಲಿನಲ್ಲಿ ಡೀಫಾಲ್ಟ್ ಟೈಮ್‌ಔಟ್ 90 ಸೆಕೆಂಡ್ ಇರುತ್ತದೆ. ಅದನ್ನು 5 ಸೆಕೆಂಡಿಗೆ ಇಳಿಸಿ, ಬೂಟ್ ಸಮಯ ತಾನಾಗಿಯೇ ಇಳಿಯುತ್ತದೆ. ನಾನು ಹಾಗೇ ಮಾಡಿಕೊಂಡಿದ್ದೇನೆ.

ಟರ್ಮಿನಲ್‌ಗೆಳೆಯ:

ಹೊಂಗೆನೆರಳು, ಅನುಮಾನ ನಿಜವಾಯಿತು. ಈ ಅಂಕಿಗಳಲ್ಲೇ ಎಲ್ಲ ಇದೆ.

ಸಿಸ್ಟಮ್‌ಡಿ ಒಂದು ಡಿಸ್ಕಿಗೋ ಪಾರ್ಟಿಷನ್ನಿಗೋ ಕಾಯುವ ಡೀಫಾಲ್ಟ್ ಗಡುವು 90 ಸೆಕೆಂಡ್, ಅಂದರೆ ಸರಿಯಾಗಿ ಒಂದೂವರೆ ನಿಮಿಷ. ಬೂಟ್ ಸಮಯದಲ್ಲಿ ಎಲ್ಲಾದರೂ 1 ನಿಮಿಷ 30 ಸೆಕೆಂಡ್ ಕಂಡರೆ ಯಂತ್ರ ನಿಧಾನವಾಗಿದೆ ಎಂದು ಓದಬೇಡಿ, ಅದು ಬಾರದ ಯಾವುದಕ್ಕೋ ಕಾಯುತ್ತಿದೆ ಎಂದು ಓದಿ. ನಿಜವಾಗಿ ನಿಧಾನವಾದ ಯಂತ್ರ ಹೀಗೆ ದುಂಡಗಿನ ಅಂಕಿ ಕೊಡುವುದಿಲ್ಲ.

ನಡೆದಿರುವುದು ಇದು. ಎರಡನೇ ಲಿನಕ್ಸಿನ ಇನ್‌ಸ್ಟಾಲರ್ ಡಿಸ್ಕಿನಲ್ಲಿದ್ದ ಸ್ವಾಪ್ ಪಾರ್ಟಿಷನ್ನನ್ನು ಕಂಡು ತಾನೂ ಬಳಸಿಕೊಳ್ಳೋಣ ಎಂದು ಅದನ್ನು ಮತ್ತೆ ಫಾರ್ಮ್ಯಾಟ್ ಮಾಡಿದೆ. ಫಾರ್ಮ್ಯಾಟ್ ಮಾಡಿದಾಗ ಅದಕ್ಕೆ ಹೊಸ ಯುಯುಐಡಿ, ಅಂದರೆ ಹೊಸ ಗುರುತಿನ ಸಂಖ್ಯೆ, ಬಂತು. ಬೂಟ್ ಆಗುವಾಗ ಯಾವ ಯಾವ ಪಾರ್ಟಿಷನ್ ಬೇಕು ಎಂಬ ಪಟ್ಟಿ ಇರುವ, ನಿಮ್ಮ ಡೆಬಿಯನ್ನಿನ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಇರುವುದು ಹಳೆಯದು. ಡೆಬಿಯನ್ ಪ್ರತಿ ಸಲವೂ ಆ ಹಳೆಯ ಯುಯುಐಡಿಯ ಪಾರ್ಟಿಷನ್ ಬರಲಿ ಎಂದು 90 ಸೆಕೆಂಡ್ ಕಾಯುತ್ತದೆ. ಸ್ವಾಪ್ ಟಾರ್ಗೆಟ್ ಮುಗಿಯದೆ ಸಿಸ್‌ಇನಿಟ್ ಮುಗಿಯುವುದಿಲ್ಲ, ಸಿಸ್‌ಇನಿಟ್ ಮುಗಿಯದೆ ಮುಂದಿನ ಬಹುತೇಕ ಸರ್ವಿಸ್‌ಗಳು ಶುರುವಾಗುವುದಿಲ್ಲ. ಗಡುವು ಮುಗಿದಮೇಲೆ ಸ್ವಾಪ್ ಇಲ್ಲದೆಯೇ ಮುಂದೆ ಹೋಗುತ್ತದೆ. ಫ್ರೀ -ಎಚ್‌ನಲ್ಲಿ ಸೊನ್ನೆ ಬಂದದ್ದು ಅದಕ್ಕೇ. ಹೊಸ ಲಿನಕ್ಸಿನ ಬಳಿ ಸರಿಯಾದ ಯುಯುಐಡಿ ಇರುವುದರಿಂದ ಅದು ಬೇಗ ಏಳುತ್ತದೆ.

ನನ್ನ ಮಾತನ್ನೇ ನಂಬಬೇಡಿ, ನೀವೇ ಕಣ್ಣಾರೆ ನೋಡಿ. ಸುಡೋ ಜರ್ನಲ್‌ಸಿಟಿಎಲ್ -ಬಿ ಕೊಟ್ಟು "ಟೈಮ್ಡ್ ಔಟ್" ಎಂದು ಹುಡುಕಿ. ಡಿವೈಸಿಗಾಗಿ ಕಾದು ಗಡುವು ಮೀರಿತು ಎಂಬ ಸಾಲು, ಅದರ ಬೆನ್ನಿಗೇ ಸ್ವಾಪ್‌ಗೆ ಬೇಕಾದದ್ದು ಸಿಗಲಿಲ್ಲ ಎಂಬ ಸಾಲು ಇರಬೇಕು. ಆಮೇಲೆ ಸುಡೋ ಬಿಎಲ್‌ಕೆಐಡಿ ಓಡಿಸಿ, ಸ್ವಾಪ್ ಎಂದಿರುವ ಸಾಲಿನ ಯುಯುಐಡಿಯನ್ನು ಎಫ್‌ಎಸ್‌ಟ್ಯಾಬಿನದರ ಪಕ್ಕ ಇಟ್ಟು ಹೋಲಿಸಿ.

ಬೆಟ್ಟದದಾರಿ, ಗಡುವು ಇಳಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾಯುವ ಹೊತ್ತು ಕಡಿಮೆಯಾಗುತ್ತದೆ ನಿಜ, ಆದರೆ ಸ್ವಾಪ್ ಇಲ್ಲದಿರುವುದು ಹಾಗೆಯೇ ಉಳಿಯುತ್ತದೆ. ರ‍್ಯಾಮ್ ತುಂಬಿದ ದಿನ ಕರ್ನಲ್ ಯಾವುದೋ ಪ್ರೋಗ್ರಾಮನ್ನು ಕೊಂದಾಗ ಮತ್ತೆ ಕಾರಣ ಹುಡುಕುತ್ತಾ ಕೂರಬೇಕು. ಎದ್ದು ನಿಲ್ಲಲು ನಿಜಕ್ಕೂ ಹೊತ್ತು ಬೇಕಾದ ಡೇಟಾಬೇಸ್‌ನಂಥ ಸರ್ವಿಸ್‌ಗಳನ್ನು 5 ಸೆಕೆಂಡಿನ ಗಡುವು ನಡುವೆಯೇ ನಿಲ್ಲಿಸಿಬಿಡುತ್ತದೆ. ನಿಮ್ಮ ಯಂತ್ರದಲ್ಲೂ ಒಮ್ಮೆ ಫ್ರೀ -ಎಚ್ ನೋಡಿಬಿಡಿ.

ಹೊಂಗೆನೆರಳು:

ಜರ್ನಲ್‌ನಲ್ಲಿ ನೀವು ಹೇಳಿದ ಎರಡೂ ಸಾಲು ಇವೆ, ಒಂದರ ಕೆಳಗೊಂದು. ಎಫ್‌ಎಸ್‌ಟ್ಯಾಬಿನಲ್ಲಿ ಸ್ವಾಪ್ ಯುಯುಐಡಿ 3190 ಎಂದು ಮುಗಿಯುತ್ತದೆ, ಬಿಎಲ್‌ಕೆಐಡಿಯಲ್ಲಿ 5278 ಎಂದು. ಬೇರೆ ಬೇರೆಯೇ!

ಈಗ ಎಫ್‌ಎಸ್‌ಟ್ಯಾಬ್ ಮುಟ್ಟಲು ಭಯ. ತಪ್ಪಾದರೆ ಬೂಟೇ ಆಗುವುದಿಲ್ಲ ಎಂದು ಓದಿದ್ದೇನೆ.

ಟರ್ಮಿನಲ್‌ಗೆಳೆಯ:

ಭಯ ಇರುವುದು ಒಳ್ಳೆಯದೇ. ಓಎಸ್ ಇರುವ ರೂಟ್ ಪಾರ್ಟಿಷನ್ನಿನ ಸಾಲು ಕೆಟ್ಟರೆ ಎಮರ್ಜೆನ್ಸಿ ಮೋಡಿಗೆ ಹೋಗಿ ನಿಲ್ಲಬಹುದು. ಆದ್ದರಿಂದ ಮೊದಲು ಪ್ರತಿ: ಸುಡೋ ಸಿಪಿ ಕೊಟ್ಟು ಎಫ್‌ಎಸ್‌ಟ್ಯಾಬನ್ನು ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿಗೆ ನಕಲು ಮಾಡಿಕೊಳ್ಳಿ.

ನಂತರ ಸುಡೋ ನ್ಯಾನೋದಲ್ಲಿ ತೆರೆದು ಸ್ವಾಪ್ ಸಾಲಿನ ಯುಯುಐಡಿಯನ್ನಷ್ಟೇ ಬದಲಿಸಿ. ಬೆರಳಲ್ಲಿ ಟೈಪ್ ಮಾಡಬೇಡಿ, ಬಿಎಲ್‌ಕೆಐಡಿ ಕೊಟ್ಟದ್ದನ್ನು ಕಾಪಿ-ಪೇಸ್ಟ್ ಮಾಡಿ. ಆ ಸಾಲಿನಲ್ಲಿ ಪಾರ್ಟ್‌ಯುಯುಐಡಿ ಎಂದು ಇನ್ನೊಂದು ಉದ್ದನೆಯ ಸಂಖ್ಯೆ ಇರುತ್ತದೆ, ಅದಲ್ಲ. ಯುಯುಐಡಿಯ ತಂಟೆ ಬೇಡ, ನೇರವಾಗಿ ಎಸ್‌ಡಿಎ3 ಎಂದೇ ಬರೆಯೋಣ ಅನ್ನಿಸಬಹುದು. ಬರೆಯಬೇಡಿ, ಇನ್ನೊಂದು ಡಿಸ್ಕ್ ಸೇರಿದ ದಿನ ಆ ಹೆಸರು ಅದಲು ಬದಲಾಗಬಹುದು.

ರೀಬೂಟ್‌ಗೆ ಮುಂಚೆ ಪರೀಕ್ಷೆ. ಫೈಂಡ್‌ಎಂಎನ್‌ಟಿ --ವೆರಿಫೈ ಕೊಟ್ಟರೆ ಎಫ್‌ಎಸ್‌ಟ್ಯಾಬಿನ ಪ್ರತಿ ಸಾಲನ್ನೂ ನೋಡಿ, ಇಲ್ಲದ ಯುಯುಐಡಿ ಇದ್ದರೆ ಹೇಳುತ್ತದೆ. ಈ ಕಮಾಂಡ್ ಇಷ್ಟು ಉಪಯುಕ್ತವಾಗಿದ್ದರೂ ಬಳಸುವವರು ಕಡಿಮೆ. ಆಮೇಲೆ ಸುಡೋ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್, ಸುಡೋ ಸ್ವಾಪ್‌ಆನ್ -ಎ, ಕೊನೆಗೆ ಸ್ವಾಪ್‌ಆನ್ --ಶೋ. 4 ಜಿಬಿ ಕಂಡರೆ ರೀಬೂಟ್ ಮಾಡಿ.

ಆದರೆ ಪೂರ್ತಿ ಸರಿಹೋಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆ 35.7 ಸೆಕೆಂಡ್ ಕರ್ನಲ್ ಸಮಯ ಬೇರೆ ಕಡೆಯದು.

ಹೊಂಗೆನೆರಳು:

ರೀಬೂಟ್ ಆಯಿತು. ಯೂಸರ್‌ಸ್ಪೇಸ್ 7.6 ಸೆಕೆಂಡ್! ಸ್ವಾಪ್ ಕೂಡ ಬಂದಿದೆ. ಕರ್ನಲ್ ಮಾತ್ರ 35 ಸೆಕೆಂಡಿನ ಆಸುಪಾಸಿನಲ್ಲೇ ಇದೆ. ಹೊಸ ಕರ್ನಲ್ ಹಾಕಬೇಕೇ?

ಟರ್ಮಿನಲ್‌ಗೆಳೆಯ:

ಕರ್ನಲ್ ಬದಲಿಸಬೇಡಿ, ಅದು ನಿರಪರಾಧಿ. ಡೆಬಿಯನ್ 12ರಲ್ಲಿ ತಾನಾಗಿ ಬರುವ ಇನಿಟ್‌ರ‍್ಯಾಮ್‌ಎಫ್‌ಎಸ್ (ರೂಟ್ ಪಾರ್ಟಿಷನ್ ಸಿಗುವ ಮುಂಚೆ ಓಡುವ ಪುಟ್ಟ ವ್ಯವಸ್ಥೆ) ಒಳಗೆ ಸಿಸ್ಟಮ್‌ಡಿ ಇರುವುದಿಲ್ಲ, ಹಾಗಾಗಿ ಅಲ್ಲಿ ಕಳೆದ ಹೊತ್ತೆಲ್ಲ ಕರ್ನಲ್ ಲೆಕ್ಕಕ್ಕೇ ಬೀಳುತ್ತದೆ. ಕರ್ನಲ್ 35 ಸೆಕೆಂಡ್ ಎಂದು ಓದಿದ ಜನ ಕರ್ನಲ್ ಬದಲಿಸಿ, ಡ್ರೈವರ್ ಬದಲಿಸಿ ದಣಿಯುವುದು ಇಲ್ಲೇ.

ಕರ್ನಲ್‌ನ ಸಂದೇಶಗಳನ್ನು ತೋರಿಸುವ ಸುಡೋ ಡಿಮೆಸೇಜ್ ಓಡಿಸಿ ಎಡಗಡೆಯ ಸಮಯವನ್ನಷ್ಟೇ ನೋಡುತ್ತಾ ಕೆಳಗಿಳಿಯಿರಿ. ಎಲ್ಲಿ ದೊಡ್ಡ ಜಿಗಿತ ಇದೆ?

ಹೊಂಗೆನೆರಳು:

ಸಿಕ್ಕಿತು. 3.4 ಸೆಕೆಂಡಿಗೆ ಯುಎಸ್‌ಬಿ ಮೌಸ್ ಗುರುತಿಸಿದ ಸಾಲು. ಮುಂದಿನ ಸಾಲು 34.1 ಸೆಕೆಂಡಿಗೆ, ರೂಟ್ ಪಾರ್ಟಿಷನ್ ಎಸ್‌ಡಿಎ2ರ ಎಕ್ಸ್‌ಟ್4 ಫೈಲ್‌ಸಿಸ್ಟಮ್ ಮೌಂಟ್ ಆದದ್ದು. ನಡುವೆ ಏನೂ ಇಲ್ಲ.

ಟರ್ಮಿನಲ್‌ಗೆಳೆಯ:

ಆ ಮೂವತ್ತು ಸೆಕೆಂಡ್ ಕೂಡ ಒಂದು ಗಡುವೇ. ಡೆಬಿಯನ್ ಇನ್‌ಸ್ಟಾಲ್ ಆಗುವಾಗ, ಹೈಬರ್ನೇಟ್ ಆದ (ರ‍್ಯಾಮಿನಲ್ಲಿದ್ದದ್ದನ್ನು ಸ್ವಾಪ್‌ಗೆ ಬರೆದು ಆಫ್ ಆದ) ಯಂತ್ರ ಎಲ್ಲಿಂದ ಮತ್ತೆ ಏಳಬೇಕು ಎಂಬುದನ್ನು ಇಟಿಸಿ ಒಳಗಿನ ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್ ಫೋಲ್ಡರಿನಲ್ಲಿ, ಕಾನ್ಫ್.ಡಿ ಅಡಿಯ ರೆಸ್ಯೂಮ್ ಎಂಬ ಪುಟ್ಟ ಫೈಲಿನಲ್ಲಿ ಬರೆದಿಡುತ್ತದೆ. ಅಲ್ಲಿಯೂ ನಿಮ್ಮ ಹಳೆಯ 3190 ಯುಯುಐಡಿಯೇ ಕೂತಿದೆ. ರೂಟ್ ಮೌಂಟ್ ಮಾಡುವ ಮುಂಚೆ ಇನಿಟ್‌ರ‍್ಯಾಮ್‌ಎಫ್‌ಎಸ್ ಆ ಪಾರ್ಟಿಷನ್ನಿಗಾಗಿ 30 ಸೆಕೆಂಡ್ ಕಾದು ಬಿಟ್ಟುಬಿಡುತ್ತದೆ. ಓಎಸ್ ಆರಿಸುವ ಗ್ರಬ್ ಮೆನುವಿನಲ್ಲಿ ಇ ಒತ್ತಿ, ಕರ್ನಲ್ ಸಾಲಿನಿಂದ ಕ್ವಯಟ್ ಪದ ತೆಗೆದು ಬೂಟ್ ಮಾಡಿದರೆ ಸಸ್ಪೆಂಡ್/ರೆಸ್ಯೂಮ್ ಡಿವೈಸಿಗೆ ಕಾದು ಕೈಬಿಟ್ಟೆ ಎಂಬ ಸಂದೇಶ ಪರದೆಯ ಮೇಲೇ ಬರುತ್ತದೆ.

ನೀವು ಹೈಬರ್ನೇಟ್ ಬಳಸುತ್ತೀರಾ? ಬಳಸದಿದ್ದರೆ ಆ ಫೈಲಿನ ಸಾಲನ್ನು ರೆಸ್ಯೂಮ್=ನನ್ ಎಂದು ಮಾಡಿ. ಬಳಸುವುದಾದರೆ ಹೊಸ ಯುಯುಐಡಿ ಹಾಕಬೇಕು, ಆದರೆ ಎರಡು ಲಿನಕ್ಸ್ ಒಂದೇ ಸ್ವಾಪ್ ಹಂಚಿಕೊಂಡಿರುವಾಗ ಅದು ಅಪಾಯ. ಡೆಬಿಯನ್ನನ್ನು ಹೈಬರ್ನೇಟ್ ಮಾಡಿ ಮಲಗಿಸಿ, ಬೆಳಿಗ್ಗೆ ಇನ್ನೊಂದನ್ನು ಎಬ್ಬಿಸಿದರೆ ಮಲಗಿದ್ದರ ನೆನಪೆಲ್ಲ ಅಳಿಸಿಹೋಗಬಹುದು. ಸೇವ್ ಮಾಡದ ಕೆಲಸ ಹೋದಂತೆಯೇ. ಹೈಬರ್ನೇಟ್ ಬೇಕೇ ಬೇಕು ಅನ್ನುವವರು ಎರಡಕ್ಕೂ ಬೇರೆ ಬೇರೆ ಸ್ವಾಪ್ ಇಡಲಿ.

ಬದಲಿಸಿದಮೇಲೆ ಸುಡೋ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು ಕೊಡುವುದು ಕಡ್ಡಾಯ. ಫೈಲ್ ತಿದ್ದಿದ ಮಾತ್ರಕ್ಕೆ ಏನೂ ಆಗದು, ಬೂಟ್ ಆಗುವಾಗ ಓದುವುದು ಇನಿಟ್‌ರ‍್ಯಾಮ್‌ಎಫ್‌ಎಸ್ ಒಳಗಿನ ನಕಲನ್ನು. ಬರೀ -ಯು ಕೊಟ್ಟರೆ ತೀರಾ ಹೊಸ ಕರ್ನಲ್‌ನದಷ್ಟೇ ನವೀಕರಣ ಆಗುತ್ತದೆ, ಹಳೆಯವಕ್ಕೂ ಆಗಲಿ ಎಂದರೆ ಮುಂದೆ -ಕೆ ಆಲ್ ಸೇರಿಸಿ.

ಮಿಂಚುಹುಳ:

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಹಳೆಯ ಡೆಸ್ಕ್‌ಟಾಪ್ ಕೂಡ ಹೀಗೇ ನಿಧಾನ. ಯುಯುಐಡಿಗಳೆಲ್ಲ ಸರಿಯಾಗಿಯೇ ಇವೆ, ಸ್ವಾಪ್ ಕೂಡ ಇದೆ. ಡಿಮೆಸೇಜ್‌ನಲ್ಲಿ ಮಾತ್ರ ಎಟಿಎ1 ಎಂದು ಶುರುವಾಗಿ ಫೇಲ್ಡ್ ಕಮಾಂಡ್, ಹಾರ್ಡ್ ರೀಸೆಟಿಂಗ್ ಲಿಂಕ್ ಎನ್ನುವ ಸಾಲುಗಳು ಮತ್ತೆ ಮತ್ತೆ ಬರುತ್ತವೆ. ಹಾರ್ಡ್ ಡಿಸ್ಕ್ ಆಗಾಗ ಟಕ್ ಟಕ್ ಅನ್ನುತ್ತದೆ.

ಟರ್ಮಿನಲ್‌ಗೆಳೆಯ:

ಮಿಂಚುಹುಳ, ಇದನ್ನು ಓದಿದ ಕೂಡಲೇ ಆ ಡಿಸ್ಕಿನಲ್ಲಿರುವ ಮುಖ್ಯ ಫೈಲುಗಳನ್ನು ಬೇರೆ ಕಡೆಗೆ ನಕಲು ಮಾಡಿಕೊಳ್ಳಿ. ಬೂಟ್ ವೇಗದ ಮಾತು ಆಮೇಲೆ.

ನಕಲು ಆದಮೇಲೆ ಡಿಸ್ಕಿನ ಆರೋಗ್ಯದ (ಸ್ಮಾರ್ಟ್) ವರದಿ ಕೊಡುವ ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿ, ಸುಡೋ ಸ್ಮಾರ್ಟ್‌ಸಿಟಿಎಲ್ -ಎ ಮುಂದೆ ಡಿಸ್ಕಿನ ಹೆಸರು ಕೊಟ್ಟು ಓಡಿಸಿ. 5, 197, 199 ಈ ಮೂರು ಸಾಲುಗಳ ಕೊನೆಯ ಅಂಕಿ ನೋಡಿ. 5 ಎಂದರೆ ಕೆಟ್ಟು ಬೇರೆಡೆಗೆ ಬದಲಿಸಿದ ಸೆಕ್ಟರ್‌ಗಳು, 197 ಎಂದರೆ ಓದಲು ಆಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. ಇವು ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. 199 ಮಾತ್ರ ಏರುತ್ತಿದ್ದು ಉಳಿದವು ಸೊನ್ನೆ ಇದ್ದರೆ ತಪ್ಪು ಸಾಮಾನ್ಯವಾಗಿ ಸಾಟಾ ಕೇಬಲಿನದು, ಬಿಚ್ಚಿ ಸರಿಯಾಗಿ ಕೂರಿಸಿ ಅಥವಾ ಬದಲಿಸಿ. ಆದರೆ ಟಕ್ ಟಕ್ ಸದ್ದು ಕೇಬಲಿನಿಂದ ಬರುವಂಥದ್ದಲ್ಲ, ನನಗೆ ಡಿಸ್ಕಿನ ಮೇಲೇ ಸಂಶಯ. ಬೇರೆ ಚರ್ಚೆ ತೆರೆದು ಸ್ಮಾರ್ಟ್ ವರದಿ ಹಾಕಿ, ಖಂಡಿತ ನೋಡುತ್ತೇನೆ.

ಹೊಂಗೆನೆರಳು:

ರೆಸ್ಯೂಮ್ ಫೈಲಿನಲ್ಲಿ ಹಳೆಯ 3190 ಇದ್ದದ್ದು ನಿಜ. ಹೈಬರ್ನೇಟ್ ಬಳಸುವುದಿಲ್ಲ, ನನ್ ಎಂದು ಮಾಡಿ -ಕೆ ಆಲ್ ಸೇರಿಸಿಯೇ ಓಡಿಸಿದೆ. ಈಗಿನ ಲೆಕ್ಕ: ಫರ್ಮ್‌ವೇರ್ 6.2, ಲೋಡರ್ 4.1, ಕರ್ನಲ್ 5.3, ಯೂಸರ್‌ಸ್ಪೇಸ್ 7.6. ಒಟ್ಟು 23.2 ಸೆಕೆಂಡ್. ತುಂಬಾ ತುಂಬಾ ಧನ್ಯವಾದ.

ಒಂದೇ ಪ್ರಶ್ನೆ ಉಳಿದಿದೆ. ಬ್ಲೇಮ್‌ನಲ್ಲಿ ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್ ಈಗಲೂ ಮೊದಲ ಸಾಲಿನಲ್ಲೇ ಇದೆ. ತೆಗೆದುಬಿಡಲೇ?

ಟರ್ಮಿನಲ್‌ಗೆಳೆಯ:

ಕ್ರಿಟಿಕಲ್-ಚೈನ್‌ನಲ್ಲಿ ಅದರ ಹೆಸರು ಬಂದರೆ ಮಾತ್ರ ಯೋಚಿಸಿ. ಬಂದಿಲ್ಲವಾದರೆ ಅದು ಹಿನ್ನೆಲೆಯಲ್ಲಿ ವೈಫೈಗೆ ಕಾಯುತ್ತಿದೆ ಅಷ್ಟೇ, ನಿಮ್ಮ ಲಾಗಿನ್ ಪರದೆಯನ್ನು ತಡೆಯುತ್ತಿಲ್ಲ. ಬೂಟ್ ಆಗುವಾಗಲೇ ನೆಟ್‌ವರ್ಕ್ ಡ್ರೈವ್ ಮೌಂಟ್ ಆಗಬೇಕಾದವರಿಗೆ ಅದು ಬೇಕೇ ಬೇಕು. ಉಳಿದವರು ಸುಡೋ ಸಿಸ್ಟಮ್‌ಸಿಟಿಎಲ್ ಡಿಸೇಬಲ್ ಕೊಟ್ಟು ನಿಲ್ಲಿಸಬಹುದು, ಮಾಸ್ಕ್ ಮಾಡುವ (ಶುರುವಾಗದಂತೆ ಪೂರ್ತಿ ತಡೆಯುವ) ಅಗತ್ಯವಿಲ್ಲ.

ಲೋಡರ್‌ನ 4.1ರಲ್ಲಿ ಹೆಚ್ಚಿನದು ಗ್ರಬ್ ಮೆನು ನಿಮಗಾಗಿ ನಿಲ್ಲುವ ಹೊತ್ತು. ಎರಡು ಓಎಸ್ ಇರುವಾಗ ಅದನ್ನು ಇಳಿಸಬೇಡಿ.

ಬೆಟ್ಟದದಾರಿ:

ನನ್ನಲ್ಲೂ ಫ್ರೀ -ಎಚ್ ನೋಡಿದೆ, ಸ್ವಾಪ್ ಸೊನ್ನೆ ಇತ್ತು. ಎಫ್‌ಎಸ್‌ಟ್ಯಾಬ್ ಸರಿಮಾಡಿ ಗಡುವನ್ನು ಮತ್ತೆ 90ಕ್ಕೆ ಬಿಟ್ಟಿದ್ದೇನೆ, ಆದರೂ ಬೂಟ್ ಮೊದಲಿಗಿಂತ ಬೇಗ.