ಫ್ಲಾರಿಡಾದ ಕಿಸಿಮ್ಮಿ ಕೆರೆಗಳಲ್ಲಿ ಬಾಸ್ ಮೀನು ಹಿಡಿಯಲು ಗೈಡ್ ಬೇಕಾ, ಸ್ವಂತ ದೋಣಿಯಾ? ಅನುಭವ ಹೇಳಿ

ತುಂಗಾತೀರ:
ಒರ್ಲ್ಯಾಂಡೊಗೆ ಬಂದು ಎಂಟು ತಿಂಗಳಾಯಿತು. ಫೆಬ್ರವರಿಯಲ್ಲಿ ಊರಿಂದ ಅಪ್ಪ ಬರುತ್ತಿದ್ದಾರೆ. ತುಂಗೆಯಲ್ಲಿ ಎರೆಹುಳು ಕಟ್ಟಿ ಗಾಳ ಹಾಕುತ್ತಾ ಬೆಳೆದವರು. ಅವರ ಕೈಗೆ ಒಂದು ದೊಡ್ಡ ಲಾರ್ಜ್‌ಮೌತ್ ಬಾಸ್ ಸಿಗಬೇಕು ಅಂತ ಆಸೆ. ಟೋಹೊ, ಸೈಪ್ರೆಸ್, ಹ್ಯಾಚಿನೆಹಾ, ಕಿಸಿಮ್ಮಿ, ಇವುಗಳಲ್ಲಿ ಯಾವ ಕೆರೆ? ಗೈಡ್ ಹಿಡಿಯಲಾ, ಹಳೇ ದೋಣಿ ಕೊಳ್ಳಲಾ? ಅಪ್ಪನಿಗೆ ಮಂಡಿ ನೋವು, ಜಾಸ್ತಿ ಹೊತ್ತು ನಿಲ್ಲಲಾರರು.

ಕೆರೆಕೋಡಿ:
ಗೈಡ್ ಬೇಡವೇ ಬೇಡ. ನಾನು 2019ರಲ್ಲಿ 17 ಅಡಿಯ ಹಳೇ ಅಲ್ಯೂಮಿನಿಯಂ ದೋಣಿ ತಗೊಂಡೆ, 6,800 ಡಾಲರ್. ಮೊದಲ ತಿಂಗಳೇ ಟ್ರೇಲರ್ ಬೇರಿಂಗ್ ಹೋಯಿತು, 310. ದೋಣಿಯನ್ನು ಮೆಲ್ಲಗೆ ಸಾಗಿಸುವ ಟ್ರೋಲಿಂಗ್ ಮೋಟರ್‌ಗೆ ಎರಡು ಬ್ಯಾಟರಿ, 420. ಆಮೇಲೆ ಗೇರ್ ಆಯಿಲ್‌ಗೆ ನೀರು ಸೇರಿ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿತು. ಸೀಲ್ ಬದಲಾಯಿಸಲು 540. ಬಿಲ್ಲೆಲ್ಲ ಇನ್ನೂ ಇಟ್ಟಿದ್ದೇನೆ. ಆರು ಸಲ ಹೋದರೂ ಗೇಣುದ್ದದ ಮೀನೇ. ಏಳನೇ ಸಲ ಟೋಹೊ ದಕ್ಷಿಣದಲ್ಲಿ, ದೋಣಿಯನ್ನು ಒಂದು ಕೆರೆಯ ಮಟ್ಟದಿಂದ ಇನ್ನೊಂದಕ್ಕೆ ಇಳಿಸುವ ಲಾಕ್‌ನಲ್ಲಿ ಐವತ್ತು ನಿಮಿಷ ಕಾದು, ಸೈಪ್ರೆಸ್ ದಾಟಿ ಹ್ಯಾಚಿನೆಹಾಗೆ ಹೋದೆ. ಹೈಡ್ರಿಲ್ಲಾ ಕಳೆ ಚಾಪೆ ಹಾಸಿದ ಹಾಗಿತ್ತು. ಅದರ ನಡುವೆ ತಟ್ಟೆಯಗಲದ ಒಂದು ಕಿಂಡಿ. ಪ್ಲಾಸ್ಟಿಕ್ ಹುಳು ಇಳಿಬಿಟ್ಟೆ. ದಾರ ಜಗ್ಗಲಿಲ್ಲ, ಮೆಲ್ಲಗೆ ಪಕ್ಕಕ್ಕೆ ಸರಿಯಿತು. 7 ಪೌಂಡ್ 3 ಔನ್ಸ್! ಗೈಡ್ ಕೂರಿಸಿದ ಜಾಗದಲ್ಲಿ ಕೂತು ಹಿಡಿದಿದ್ದರೆ ಆ ಮೀನು ನನ್ನದು ಅನ್ನಿಸುತ್ತಿರಲಿಲ್ಲ.

ಬೆಂಡುಗಾಳ:
ದೋಣಿಗೆ ಎಂಟು ಸಾವಿರ ಸುರಿಯುವ ಶಕ್ತಿ ಎಲ್ಲರಿಗೂ ಇರಲ್ಲ ಸಾರ್. ನಾನು ಗೈಡ್ ಜೊತೆ ಎರಡು ಸಲ ಹೋದೆ. ಮೊದಲ ಸಲ ಅರ್ಧ ದಿನಕ್ಕೆ 425, ಟಿಪ್ಸ್ 80, ಗಾಳಕ್ಕೆ ಕಟ್ಟಲು ಮೂರು ಡಜನ್ ಜೀವಂತ ಶೈನರ್ ಮೀನಿಗೆ 75. ಹಿಂದಿನ ರಾತ್ರಿ ಉತ್ತರದ ಶೀತಗಾಳಿ ಬಂದಿತ್ತು. ಫ್ಲಾರಿಡಾ ಬಾಸ್‌ಗೆ ಚಳಿ ಬಿದ್ದರೆ ಬಾಯಿಗೆ ಬೀಗ. 580 ಡಾಲರ್‌ಗೆ ಒಂದೂ ಮೀನಿಲ್ಲ. ಅವತ್ತಿನ ಸಂಕಟ ಇನ್ನೂ ಹೋಗಿಲ್ಲ. ಮುಂದಿನ ವರ್ಷ ನಾಲ್ಕು ದಿನ ಬಿಸಿಲು ಕಾದ ಮೇಲೆ ಹೋದೆವು. ಬೆಂಡು ನಡುಗಲು ಶುರುವಾಯಿತು. ಕೆಳಗೆ ಬಾಸ್ ಬಂದಾಗ ಶೈನರ್ ಹೆದರಿ ಒದ್ದಾಡುತ್ತೆ ನೋಡಿ, ಅದೇ ನಡುಕ. ಆಮೇಲೆ ಬೆಂಡೇ ಮಾಯ. 9 ಪೌಂಡ್. ನನ್ನ ಹೆಂಡತಿ ಹಿಡಿದಿದ್ದು.

ಕೆರೆಕೋಡಿ:
ಜೀವಂತ ಮೀನು ಕಟ್ಟಿ ಬೆಂಡು ನೋಡುತ್ತಾ ಕೂರೋದು ಬಾಸ್ ಹಿಡಿಯೋದಲ್ಲ, ಬಸ್ಸಿಗೆ ಕಾಯೋದು.

ಬೆಂಡುಗಾಳ:
ಇವರಪ್ಪ ಎರೆಹುಳು ಕಟ್ಟಿ ಹಿಡಿದಿದ್ದೂ ಮೀನಲ್ವಾ ಹಾಗಾದ್ರೆ? ಮಾತಾಡೋ ಮುಂಚೆ ಮೇಲೆ ಬರೆದಿರೋದು ಓದಿ.

ದಡದಕ್ಕ:
ಇಬ್ಬರೂ ಸ್ವಲ್ಪ ಸುಮ್ನಿರಿ. ಮೊದಲು ಲೈಸೆನ್ಸ್ ವಿಷಯ. 65 ದಾಟಿದವರಿಗೆ ಬೇಡ ಅಂತ ಯಾರೋ ಹೇಳಿದ್ದನ್ನ ನಂಬಿ ನಮ್ಮ ಮಾವನಿಗೆ ಮಾಡಿಸಿರಲಿಲ್ಲ. ಆ ವಿನಾಯಿತಿ ಇಲ್ಲಿನ ನಿವಾಸಿಗಳಿಗೆ ಮಾತ್ರ. ದಂಡ ಬಿತ್ತು. ಹೊರಗಿನವರಿಗೆ ಮೂರು ದಿನದ್ದು 17 ಡಾಲರ್, ಅಷ್ಟಕ್ಕೆ ಮಾವ ವಾರವಿಡೀ ಮಾತಾಡಲಿಲ್ಲ. ನಾನು ದೋಣಿಯನ್ನೇ ಹತ್ತಿಲ್ಲ. ಟೋಹೊ ದಡದಿಂದ ನೇರಳೆ ಬಣ್ಣದ ಪ್ಲಾಸ್ಟಿಕ್ ಹುಳು ಎಸೆದು ನಾಲ್ಕೂವರೆ ಪೌಂಡ್‌ವರೆಗೆ ಹಿಡಿದಿದ್ದೇನೆ. ನೀರಂಚಿಗೆ ಹೋಗಬೇಡಿ, ಮೊಸಳೆ ಜಾತಿಯ ಆಲಿಗೇಟರ್ ಇವೆ. ಇನ್ನೊಂದು, ಫೆಬ್ರವರಿ ಮೊಟ್ಟೆ ಇಡೋ ಕಾಲ. ಗೂಡಿನ ಮೇಲಿರೋ ಮೀನಿಗೆ ಗಾಳ ಹಾಕಬೇಡಿ. ಗಂಡು ಬಾಸ್ ಕಾವಲು ಬಿಟ್ಟರೆ ಬ್ಲೂಗಿಲ್ ಮೀನುಗಳು ನಿಮಿಷದಲ್ಲಿ ಮೊಟ್ಟೆ ತಿಂದು ಮುಗಿಸುತ್ತವೆ.

ಕೆರೆಕೋಡಿ:
ಅಕ್ಕಾ, 2001ರ ಜನವರಿಯಲ್ಲಿ ಇದೇ ಟೋಹೊದಲ್ಲಿ ನಡೆದ ಸ್ಪರ್ಧೆಯಲ್ಲಿ ವೃತ್ತಿಪರ ಬಾಸ್ ಗಾಳಗಾರ ಡೀನ್ ರೋಹಾಸ್ ಐದು ಮೀನಿಗೆ 45 ಪೌಂಡ್ 2 ಔನ್ಸ್ ತೂಗಿದ್ದು ಗೂಡಿನ ಮೀನು ನೋಡಿ ನೋಡಿಯೇ. ಕೆರೆ ಖಾಲಿಯಾಯ್ತಾ?

ದಡದಕ್ಕ:
ಅವರು ಸ್ಪರ್ಧೆಗೆ ಹಿಡಿದು ಬಿಟ್ಟರು. ನಮ್ಮವರು ಸಾರಿಗೆ ಅಂತ ಚೀಲ ತುಂಬಿಸ್ತಾರೆ. 16 ಇಂಚು ಅಥವಾ ಅದಕ್ಕಿಂತ ಉದ್ದದ್ದು ದಿನಕ್ಕೆ ಒಂದೇ ಅಂತ ನಿಯಮ ಇದೆ. ನಾನೇ ಕಣ್ಣಾರೆ ಮೂರು ನೋಡಿದ್ದೇನೆ, ಕನ್ನಡ ಮಾತಾಡೋರ ಬಕೆಟ್‌ನಲ್ಲಿ. ನಾಚಿಕೆಯಾಯಿತು.

ಬೆಂಡುಗಾಳ:
ನನ್ನ ಕಡೆ ನೋಡಿ ಹೇಳಬೇಡಿ ಮೇಡಂ. ಆ 9 ಪೌಂಡಿನ ಮೀನನ್ನ ಹೆಂಡತಿ ತನ್ನ ಕೈಯಾರೆ ನೀರಿಗೆ ಬಿಟ್ಟಳು. ಬಾಲ ಬಡಿದು ಮುಖಕ್ಕೆಲ್ಲ ನೀರು ಹಾರಿಸಿ ಹೋಯಿತು.

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಂದೇಹ. ಲಾಕ್ ಒಳಗೆ ನೀರು ಇಳಿಯುವಾಗ ದೋಣಿ ಜಾಸ್ತಿ ಅಲುಗಾಡುತ್ತಾ? ಅಪ್ಪನ ಮಂಡಿ…

ಕೆರೆಕೋಡಿ:
ಗೋಡೆಗೆ ಹಗ್ಗ ಇಳಿಬಿಟ್ಟಿರುತ್ತಾರೆ. ಕೂತಲ್ಲೇ ಹಿಡಿದುಕೊಳ್ಳಬಹುದು, ಕಟ್ಟಬಾರದು ಅಷ್ಟೇ. ಬೆಂಡುಗಾಳರೇ, 9 ಪೌಂಡ್ ಅಂದ್ರಲ್ಲ, ತಕ್ಕಡಿ ಕಾಣೋ ಫೋಟೊ ಹಾಕಿ.