ಟ್ರಸ್ಟ್ ಹೆಸರಲ್ಲಿ ಕ್ಲಿನಿಕ್ ಕಟ್ಟಡ: ಊರೊಳಗಿನ ಹಳೇದೋ, ಹೊರಗಿನ ಎನ್‌ಎ ಜಾಗವೋ?

ಕಾರ್ಯದರ್ಶಿ_ಕೊಪ್ಪಳ:
ಎಲ್ಲರಿಗೂ ನಮಸ್ಕಾರ. ನಮ್ಮದು ಲಾಭದ ಉದ್ದೇಶವಿಲ್ಲದ ಟ್ರಸ್ಟ್. ಕೊಪ್ಪಳದಲ್ಲಿ ಹೊರರೋಗಿ ಕ್ಲಿನಿಕ್, ಲ್ಯಾಬ್ ಇದೆ. 12ಎಬಿ (ಟ್ರಸ್ಟಿನ ಆದಾಯ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ನೋಂದಣಿ ಎರಡೂ ಇವೆ. ಈಗಿರೋ ಬಾಡಿಗೆ ಕಟ್ಟಡವನ್ನೇ ಮಾಲೀಕರು 60 ಲಕ್ಷಕ್ಕೆ ಕೊಡ್ತೀನಿ ಅಂತಿದ್ದಾರೆ. ಗಂಗಾವತಿ ರಸ್ತೆ ಕಡೆ 10 ಗುಂಟೆ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತಿಸಿದ) ಜಾಗವೂ ಅಗ್ಗಕ್ಕೆ ಸಿಗ್ತಿದೆ. ಕೈಯಲ್ಲಿ 35 ಲಕ್ಷ, ಉಳಿದದ್ದು ಸಾಲ. ಅಧ್ಯಕ್ಷರು "ಸದ್ಯ ನನ್ನ ಹೆಸರಿಗೆ ಮಾಡಿಸೋಣ, ಆಮೇಲೆ ಟ್ರಸ್ಟಿಗೆ ಬರೆದುಕೊಡ್ತೀನಿ" ಅಂತಾರೆ. ಏನೇನು ನೋಡಬೇಕು, ದಯವಿಟ್ಟು ತಿಳಿಸಿ.

ದಸ್ತಾವೇಜು_ರಾಯಚೂರು:
ಸರ್, ಮೊದಲು ಅಧ್ಯಕ್ಷರ ಮಾತನ್ನ ಅಲ್ಲೇ ನಿಲ್ಲಿಸಿ. ಅವರ ಹೆಸರಿಗಾದ ಆಸ್ತಿ ಅವರ ಸಾಲಕ್ಕೂ ಸಿಗುತ್ತೆ, ವಾರಸುದಾರರಿಗೂ ಹೋಗುತ್ತೆ. ಆಮೇಲೆ ಟ್ರಸ್ಟಿಗೆ ಬರೆದುಕೊಟ್ಟರೂ ಅದು ಕುಟುಂಬದೊಳಗಿನ ದಾನವಲ್ಲ, ಮುದ್ರಾಂಕ ಶುಲ್ಕ ಎರಡನೇ ಸಲ ಪೂರ್ತಿ ಕಟ್ಟಬೇಕು. ಟ್ರಸ್ಟ್ ಡೀಡ್‌ನಲ್ಲಿ ಸ್ಥಿರಾಸ್ತಿ ಖರೀದಿಸುವ, ಅಡವಿಟ್ಟು ಸಾಲ ಪಡೆಯುವ ಅಧಿಕಾರ ಇದೆಯಾ ಓದಿ. ಟ್ರಸ್ಟಿಗಳ ಸಭೆಯ ಠರಾವಿನಲ್ಲಿ ಆಸ್ತಿಯ ಚೆಕ್ಕುಬಂದಿ, ಬೆಲೆ, ಯಾರು ಸಹಿ ಮಾಡ್ತಾರೆ ಎಲ್ಲವೂ ಇರಲಿ. ಬ್ಯಾಂಕಿನವರು ಮೊದಲು ಕೇಳೋದೇ ಇವೆರಡನ್ನ.

ಊರೊಳಗಿನ ಕಟ್ಟಡಕ್ಕೆ ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ನೋಂದಣಿ ಆಗಲ್ಲ. ಎ ಖಾತಾನೋ (ನಿಯಮಬದ್ಧ ಆಸ್ತಿ) ಬಿ ಖಾತಾನೋ (ನಿಯಮಕ್ಕೆ ಹೊರತಾದದ್ದು) ನೋಡಿ. 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಆನ್‌ಲೈನ್‌ನಲ್ಲಿ 2004ರ ನಂತರದ್ದೇ ಸಿಗೋದು, ಅದಕ್ಕಿಂತ ಹಳೇದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಬೇಕು.

ಹೊರಗಿನ ಜಾಗಕ್ಕೆ ಎನ್‌ಎ ಆದೇಶದ ಪ್ರತಿಯನ್ನೇ ಕೇಳಿ. ಯಾವ ಉದ್ದೇಶಕ್ಕೆ ಅಂತ ಅದರಲ್ಲೇ ಬರೆದಿರುತ್ತೆ. "ವಾಸಕ್ಕಾಗಿ" ಅಂತಿದ್ದರೆ ಆಸ್ಪತ್ರೆ ಕಟ್ಟೋಕೆ ಉದ್ದೇಶ ಬದಲಾಯಿಸಿಕೊಳ್ಳಬೇಕು. ಜೊತೆಗೆ ಪರಿವರ್ತನೆಗೆ ಮುಂಚಿನ ಹಳೇ ಪಹಣಿ, 10 ಮತ್ತು 11ನೇ ಕಾಲಂ. ಜಮೀನು ಹೇಗೆ ಬಂತು, ಅದರ ಮೇಲೆ ಯಾರ ಹಕ್ಕು, ಯಾವ ಸಾಲ, ಎಲ್ಲ ಅಲ್ಲೇ ಸಿಗುತ್ತೆ.

ಲೆಕ್ಕಪರಿಶೋಧಕಿ_ಬಳ್ಳಾರಿ:
ದುಡ್ಡಿನ ವಿಷಯ ನಾನು ಹೇಳ್ತೀನಿ. 60 ಲಕ್ಷಕ್ಕೆ ಮುದ್ರಾಂಕ ಶೇ. 5, ಅಂದರೆ 3,00,000. ಆ ಶುಲ್ಕದ ಮೇಲೆ ಶೇ. 10 ಸೆಸ್ 30,000, ನಗರದಲ್ಲಿ ಶೇ. 2 ಸರ್ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ, 1,20,000. ಒಟ್ಟು 4,56,000 ರೂಪಾಯಿ. ಮಾರ್ಗಸೂಚಿ ದರ (ಸರ್ಕಾರ ನಿಗದಿ ಮಾಡಿದ ಬೆಲೆ) ಇದಕ್ಕಿಂತ ಜಾಸ್ತಿ ಇದ್ದರೆ ಅದರ ಮೇಲೆ ಲೆಕ್ಕ. ಬೆಲೆ 50 ಲಕ್ಷ ಮುಟ್ಟಿರೋದರಿಂದ ಮಾಲೀಕರಿಗೆ ಕೊಡುವ ಹಣದಲ್ಲೇ ಶೇ. 1 ಟಿಡಿಎಸ್ ಹಿಡಿದು ಕಟ್ಟಬೇಕು. ಮರೆತರೆ ಬಡ್ಡಿ ನಿಮ್ಮ ತಲೆಗೆ.

35 ಲಕ್ಷ ಪೂರ್ತಿ ಸುರಿಯಬೇಡಿ. ಸಂಬಳ, ಔಷಧಿ, ರಿಪೇರಿಗೆ 10 ಲಕ್ಷ ತೆಗೆದಿಟ್ಟರೆ ಸಾಲ 40 ಲಕ್ಷದ ಹತ್ತಿರ ಬರುತ್ತೆ. ಶೇ. 10.5ರ ಬಡ್ಡಿ, 10 ವರ್ಷ ಅಂದರೆ ಕಂತು ತಿಂಗಳಿಗೆ ಸುಮಾರು 54,000. ಈಗಿನ ಬಾಡಿಗೆ ಪಕ್ಕಕ್ಕಿಟ್ಟು ನೋಡಿ. ಅನುದಾನ ನಂಬಿ ಕಂತು ಒಪ್ಪಿಕೊಳ್ಳೋದು ಅಪಾಯ, ರೋಗಿಗಳಿಂದ ಖಾತ್ರಿಯಾಗಿ ಬರುವ ಹಣದಲ್ಲೇ ಅದು ತೀರಬೇಕು.

ತೆರಿಗೆಯಲ್ಲಿ ಬಹಳ ಜನ ಎಡವೋದು ಇಲ್ಲಿ: ವರ್ಷದ ಆದಾಯದಿಂದ ಕೊಟ್ಟ ಹಣ, ವಿನಾಯಿತಿ ಉಳಿಯೋಕೆ ಟ್ರಸ್ಟಿನ ಉದ್ದೇಶಕ್ಕೆ ಖರ್ಚಾಗಬೇಕಾದ ಶೇ. 85ರ ವಿನಿಯೋಗಕ್ಕೆ ಸೇರುತ್ತೆ. ಸಾಲದಿಂದ ಕೊಟ್ಟದ್ದು ಸೇರಲ್ಲ, ಅಸಲು ತೀರಿಸಿದ ವರ್ಷ ಸೇರುತ್ತೆ. ಕಾರ್ಪಸ್‌ನಿಂದ (ಟ್ರಸ್ಟಿನ ಮೂಲನಿಧಿ) ಕೊಟ್ಟದ್ದೂ ಹಾಗೇ, ವಾಪಸ್ ತುಂಬಿದಾಗಲೇ ಲೆಕ್ಕ. ಎರಡೂ 5 ವರ್ಷದೊಳಗೆ ಆದರೆ ಮಾತ್ರ. ವಿನಿಯೋಗ ಅಂತ ತೋರಿಸಿದ ಕಟ್ಟಡಕ್ಕೆ ಮತ್ತೆ ಸವಕಳಿ ಕೇಳೋ ಹಾಗಿಲ್ಲ.

ಮುಂದೆ ಮೆಡಿಕಲ್ ಶಾಪಿಗೆ ಬಾಡಿಗೆ ಕೊಡೋ ಯೋಚನೆ ಇದ್ದರೆ, ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ನಿಜ, ಆದರೆ 20 ಲಕ್ಷದ ಮಿತಿ ನೋಡುವಾಗ ಆ ವಹಿವಾಟೂ ಕೂಡುತ್ತೆ. ಸಣ್ಣ ಬಾಡಿಗೆಗೂ ನೋಂದಣಿ ಬೇಕಾಗಬಹುದು.

ಸಿವಿಲ್_ಗಂಗಾವತಿ:
ಹೊರಗಿನ ಜಾಗ ಎರೆ (ಕಪ್ಪು) ಮಣ್ಣೋ ಮಸಾರಿಯೋ (ಕೆಂಪು)? ಎರೆ ಆದರೆ ಅಗ್ಗ ಅನ್ನೋದು ಅಡಿಪಾಯದಲ್ಲೇ ಕರಗುತ್ತೆ. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಗೋಡೆ ಸೀಳುತ್ತೆ. 3 ಮೀಟರ್ ಗುಂಡಿ ತೆಗೆಸಿ ನೋಡಿ. ಎರೆ ಅಷ್ಟು ಆಳಕ್ಕಿದ್ದರೆ ಅಂಡರ್‌ರೀಮ್ಡ್ ಪೈಲ್ (ನೆಲದೊಳಗಿನ, ತಳ ಉಬ್ಬಿದ ಕಾಂಕ್ರೀಟ್ ಕಂಬ) ಬೇಕು, ಸುಮಾರು ಮೂರೂವರೆ ಮೀಟರ್ ಆಳ, ತಳದ ಉಬ್ಬಿನ ಅಗಲ ಕಂಬದ ಎರಡೂವರೆ ಪಟ್ಟು. ಪ್ಲಿಂತ್ ಬೀಮ್ (ಗೋಡೆ ಹೊರುವ ತಳದ ತೊಲೆ) ಮಣ್ಣಿಗೆ ತಾಗಬಾರದು, ಕೆಳಗೆ 75 ಮಿ.ಮೀ. ಸಂದು ಬಿಡಿ. ನೆಲದಡಿಯ ಎರೆ ತೆಗೆದು ಗರಸು ತುಂಬಿಸಿ. ಡ್ರೈನೇಜ್ ಪೈಪ್ ಗೋಡೆಯಿಂದ ದೂರ ಇರಲಿ. ಅದು ಸೋರಿದ ಕಡೆ ಮಾತ್ರ ಮಣ್ಣು ಉಬ್ಬಿ ಬಿರುಕು ಮೂಲೆಯಿಂದ ಓರೆಯಾಗಿ ಏಳುತ್ತೆ.

ಹಳೇ ಕಟ್ಟಡದಲ್ಲೂ ಅಂಥ ಓರೆ ಬಿರುಕು ಹುಡುಕಿ. ರ‍್ಯಾಂಪ್ 1:12 ಇಳಿಜಾರಿಗೆ ಜಾಗ ಇದೆಯಾ, ಅಂದರೆ 2 ಅಡಿ ಎತ್ತರಕ್ಕೆ 24 ಅಡಿ ಉದ್ದ. ಎಕ್ಸ್‌ರೇ ಕೋಣೆಗೆ 9 ಇಂಚಿನ ಇಟ್ಟಿಗೆ ಗೋಡೆ ಬೇಕು. ಇವು ಸರಿ ಇದ್ದರೆ ನನ್ನ ಮಟ್ಟಿಗೆ ಹಳೇ ಕಟ್ಟಡವೇ ವಾಸಿ. ರೋಗಿಗಳಿಗೆ ದಾರಿ ಗೊತ್ತು, ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯಲ್ಲಿ ವಿಳಾಸವೂ ಬದಲಾಗಲ್ಲ.

ಕಾರ್ಯದರ್ಶಿ_ಕೊಪ್ಪಳ:
ಬಹಳ ಉಪಕಾರ ಆಯ್ತು. ಹೊರಗಿನ ಜಾಗದ ಹಳೇ ಪಹಣಿ ನೋಡಿದ್ವಿ, 10ನೇ ಕಾಲಂನಲ್ಲಿ "ಮಂಜೂರಿ" ಅಂತಿದೆ.

ದಸ್ತಾವೇಜು_ರಾಯಚೂರು:
ಹಾಗಾದರೆ ಅದು ಸರ್ಕಾರ ಮಂಜೂರು ಮಾಡಿದ ಜಮೀನು, ಒಂದು ರೂಪಾಯಿ ಮುಂಗಡ ಕೊಡಬೇಡಿ. ತಹಶೀಲ್ದಾರ್ ಕಚೇರಿಯಿಂದ ಮಂಜೂರಿ ಕಡತದ ನಕಲು ತೆಗೆಸಿ, ಯಾರಿಗೆ ಕೊಟ್ಟದ್ದು, ಷರತ್ತೇನು ನೋಡಿ. ಎಸ್‌ಸಿ, ಎಸ್‌ಟಿ ಕುಟುಂಬಕ್ಕೆ ಕೊಟ್ಟದ್ದಾದರೆ 1978ರ ಪಿಟಿಸಿಎಲ್ (ಇಂಥ ಜಮೀನುಗಳ ಪರಭಾರೆ ನಿಷೇಧ) ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಕ್ರಯ ನಿಲ್ಲಲ್ಲ, ನಡುವೆ ನಾಲ್ಕು ಕೈ ಬದಲಾಗಿದ್ದರೂ ಅಷ್ಟೇ. 2023ರ ತಿದ್ದುಪಡಿಯಿಂದ ವಾಪಸ್ ಕೇಳೋಕೆ ಕಾಲಮಿತಿಯೂ ಇಲ್ಲ. ಆ ಕುಟುಂಬಗಳ ಭೂಮಿ ಉಳಿಯಲಿ ಅಂತಲೇ ಮಾಡಿದ ಕಾಯ್ದೆ ಅದು. ಬಡವರಿಗಾಗಿ ಇರೋ ಕ್ಲಿನಿಕ್ ಅದರ ಮೇಲೆ ಕಟ್ಟೋದು ಬೇಡ ಸರ್. ಅನುಮತಿ ಪತ್ರ ಕೈಗೆ ಬಂದರೆ ಮಾತ್ರ ಮುಂದಿನ ಮಾತು.